ಬೀಗರ ಚಕ್ಕುಬಂದಿ ಹುಡುಕಿದ್ದು: ಫ್ಯಾಮಿಲಿಸರ್ಚ್ ಬಗ್ಗೆ ಹಾಸನದ ಹಳೇ ಸರ್ವೆಯರೊಬ್ಬನ ಅನಿಸಿಕೆ

ಸ್ಟಾರ್ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಹಿರಿಯರ ಹಳೇ ದಾಖಲೆ ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣದ ದಾಖಲೆಗಳಿಗೆ ಐದಕ್ಕೆ ಐದು. ಅದರಲ್ಲೇ ಇರುವ ವಂಶವೃಕ್ಷಕ್ಕೆ ನಾನು ಸ್ಟಾರ್ ಕೊಡುವುದಿಲ್ಲ, ಅದನ್ನು ಬರೆಯುವವರು ನಮ್ಮ ನಿಮ್ಮಂಥವರೇ. ಅಮೆರಿಕ ಸರ್ಕಾರದ ಜಮೀನು ದಾಖಲೆ ಸೈಟಿಗೂ ಐದು. ನಾರ್ವೆ ಸರ್ಕಾರದ ಹಳೇ ದಾಖಲೆಗಳ ಸೈಟು ಡಿಜಿಟಲ್‌ಆರ್ಕಿವೆಟ್‌ಗೆ ಆರು ಕೊಡಲು ಜಾಗ ಇದ್ದಿದ್ದರೆ ಆರು ಕೊಡುತ್ತಿದ್ದೆ. ದುಡ್ಡು ತಗೊಳ್ಳುವ ಸೈಟೊಂದನ್ನೂ ನೋಡಿದೆ. ಅದರ ಹೆಸರು ಬೇಡ, ಕಥೆ ಮಾತ್ರ ಹೇಳುತ್ತೇನೆ.

ನಾನು ಸರ್ವೆ ಇಲಾಖೆಯಲ್ಲಿ 33 ವರ್ಷ ಜಮೀನು ಅಳೆಯುವ ಚೈನು ಎಳೆಸಿದವನು. ಹಾಸನ, ಆಲೂರು, ಅರಕಲಗೂಡು, ಸಕಲೇಶಪುರದ ಹೊಲ ಗದ್ದೆ ಕಾಫಿ ತೋಟಗಳ ಬದುವಿನ ಮೇಲೆ ನಡೆದು ನಡೆದೇ ಮಂಡಿ ಸವೆಸಿಕೊಂಡಿದ್ದೇನೆ. ಅಮೆರಿಕದ ವಂಶಾವಳಿಗೂ ನನಗೂ ಏನು ಸಂಬಂಧ ಅಂತೀರಾ? ಮಗಳು ಮಿನೆಸೋಟಾದಲ್ಲಿದ್ದಾಳೆ. ಅಳಿಯ ಅಲ್ಲಿಯವನೇ, ಹಳ್ಳಿ ಕಡೆಯ ಹುಡುಗ. ಮೊಮ್ಮಗನ ನಾಮಕರಣ ಹಾಸನದಲ್ಲೇ ಆಗಲಿ ಅಂತ ಬಂದಿದ್ದರು. ಪುರೋಹಿತರು ತಂದೆಯ ಕಡೆ ಮೂರು ತಲೆಮಾರಿನ ಹೆಸರು ಕೇಳಿದರು. ಬೀಗರು ತಮ್ಮ ಅಪ್ಪನ ಹೆಸರು ಹೇಳಿದರು, ಅಜ್ಜನ ಹೆಸರು ಹೇಳಿದರು. "ಅಜ್ಜನ ಅಪ್ಪ ನಾರ್ವೆಯಿಂದ ಬಂದವರಂತೆ, ಯಾವ ಊರೋ ಗೊತ್ತಿಲ್ಲ" ಅಂದರು. ಶಾಸ್ತ್ರಕ್ಕೆ ಅಷ್ಟು ಸಾಕಾಯಿತು. ರಾತ್ರಿ ಮಲಗುವ ಹೊತ್ತಿಗೆ ಇವಳು ಶುರು ಮಾಡಿದಳು: "ರೀ, ಅವರ ಮುತ್ತಾತನ ಊರು ಯಾವುದು ಅಂತ ಕೇಳದೇ ಹೆಣ್ಣು ಕೊಟ್ಟುಬಿಟ್ವಲ್ಲ."

ನನಗೂ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯ ಸಮುದ್ರ ದಾಟಿ ಬಂದು ಜಮೀನು ಮಾಡಿದ್ದಾನೆ ಅಂದರೆ ಕಾಗದ ಇರಲೇಬೇಕು. ಕಾಗದ ಇದ್ದರೆ ಹುಡುಕೋದು ನನ್ನ ಕಸುಬು.

ಬೀಗರ ಮನೆ ಹೆಸರನ್ನು ಇಲ್ಲಿ ಬದಲಾಯಿಸಿದ್ದೇನೆ. ಆ ಹಿರಿಯರನ್ನು ಓಲೆ ಲಾರ್ಸನ್ ಅನ್ನೋಣ. ನಾರ್ವೆಯಲ್ಲಿ ಓಲೆ ಅಂದರೆ ನಮ್ಮ ಕಡೆ ರಂಗಪ್ಪ ಇದ್ದ ಹಾಗೆ, ಬೀದಿಗೆ ನಾಲ್ಕು ಜನ. ಇವಳು ಮಾತ್ರ "ಕಿವಿಗೆ ಹಾಕೋ ಓಲೆನಾ?" ಅಂತ ಈಗಲೂ ನಗುತ್ತಾಳೆ.

ಎಲ್ಲರ ಹಾಗೆ ನಾನೂ ಮೊದಲು ತಪ್ಪು ಮಾಡಿದೆ. ಸೈಟು ತೆಗೆದು ಹೆಸರು, ರಾಜ್ಯ ಟೈಪ್ ಮಾಡಿದೆ. ಓಲೆ ಲಾರ್ಸನ್‌ಗಳು ಹಿಂಡುಹಿಂಡಾಗಿ ಬಂದರು. ಒಬ್ಬನಿಗೆ ಹೆಂಡತಿ ಹೆಸರು ಕಾರಿ, ಇನ್ನೊಬ್ಬನಿಗೂ ಕಾರಿ. ಒಬ್ಬ 1845ರಲ್ಲಿ ಹುಟ್ಟಿದವ, ಇನ್ನೊಬ್ಬ 1847. ಒಂದು ವಾರ ಬೆಳಗ್ಗೆ ಕಾಫಿ ಕುಡಿದು ಕೂತರೆ ಊಟದ ಹೊತ್ತಿಗೆ ತಲೆ ಕೆಟ್ಟು ಏಳುತ್ತಿದ್ದೆ. ಆಮೇಲೆ ಹೊಳೆಯಿತು. ಸರ್ವಿಸ್‌ನಲ್ಲಿ ಯಾವತ್ತಾದರೂ ಬರೀ ಹೆಸರು ನೋಡಿ ಜಮೀನು ಗುರುತಿಸಿದ್ದೆನಾ? ಕ್ರಯಪತ್ರದಲ್ಲಿ ರಂಗಪ್ಪ ಬಿನ್ ರಂಗಪ್ಪ ಅಂತ ಇರುತ್ತದೆ, ಅದೇ ಊರಲ್ಲಿ ಇನ್ನೊಬ್ಬ ರಂಗಪ್ಪ ಬಿನ್ ರಂಗಪ್ಪ ಇರುತ್ತಾನೆ. ಗುರುತು ಹಿಡಿಯೋದು ಚಕ್ಕುಬಂದಿಯಿಂದ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಹಳ್ಳವೋ, ದಕ್ಷಿಣಕ್ಕೆ ಗಾಡಿ ದಾರಿಯೋ. ಮನುಷ್ಯನಿಗೂ ಒಂದು ಚಕ್ಕುಬಂದಿ ಇರುತ್ತದಲ್ವಾ?

ವಿಡಿಯೋ ಕಾಲ್‌ನಲ್ಲಿ ಬೀಗರನ್ನು ಕೇಳಿದೆ, "ನಿಮ್ಮ ಅಜ್ಜನ ಜಮೀನಿನ ಸರ್ವೆ ನಂಬರ್ ಏನು?" ಅವರಿಗೆ ಅರ್ಥವಾಗಲಿಲ್ಲ. ಮಗಳು ಬಿಡಿಸಿ ಹೇಳಿದಳು. ಅವರ ಅಪ್ಪ 1985ರಲ್ಲಿ ಜಮೀನು ಮಾರಿದ್ದರಂತೆ. ಆ ಕಾಲದಲ್ಲಿ ಅಲ್ಲಿ ಸಾಲದ ಬಡ್ಡಿ ಕಟ್ಟಲಾಗದೆ ಎಷ್ಟೋ ರೈತರು ಜಮೀನು ಕಳಕೊಂಡರು. ಮಾರಿದ ಕಾಗದದ ಫೋಟೋ ಎರಡು ದಿನದಲ್ಲಿ ವಾಟ್ಸಾಪ್‌ಗೆ ಬಂತು. ಆಟರ್ ಟೇಲ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಟೌನ್‌ಶಿಪ್ ನಂಬರ್, ರೇಂಜ್ ನಂಬರ್ (ಆ ಟೌನ್‌ಶಿಪ್ ಪೂರ್ವ ಪಶ್ಚಿಮದಲ್ಲಿ ಎಷ್ಟನೆಯದು ಅಂತ), ಸೆಕ್ಷನ್ 22, ಈಶಾನ್ಯ ಕಾಲುಭಾಗದ ಪೂರ್ವಾರ್ಧ. ಓದಿ ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಬೀಗರ ಮನೆಯಲ್ಲೇ ಇಷ್ಟು ವರ್ಷ ಇದ್ದ ಕಾಗದ, ಅದರಲ್ಲಿ ಏನಿದೆ ಅಂತ ಹಾಸನದಲ್ಲಿ ಕೂತ ನಾನು ಅವರಿಗೆ ವಿವರಿಸಿದೆ.

ಅಲ್ಲಿಯ ಸರ್ವೆ ಎಷ್ಟು ಚೆನ್ನಾಗಿದೆ ಗೊತ್ತಾ? ಒಂದು ಟೌನ್‌ಶಿಪ್ ಆರು ಮೈಲಿ ಉದ್ದ, ಆರು ಮೈಲಿ ಅಗಲ. ಅದರಲ್ಲಿ 36 ಸೆಕ್ಷನ್. ಒಂದೊಂದೂ ಒಂದು ಚದರ ಮೈಲಿ, 640 ಎಕರೆ. ಕಾಲು ಸೆಕ್ಷನ್ ಅಂದರೆ 160. ನಂಬರ್ ಹಾಕುವುದು ಈಶಾನ್ಯ ಮೂಲೆಯಿಂದ. ಒಂದರಿಂದ ಆರು ಪಶ್ಚಿಮಕ್ಕೆ ಹೋಗುತ್ತದೆ, ಏಳು ಅದರ ಕೆಳಗೆ ಬಂದು ಪೂರ್ವಕ್ಕೆ ತಿರುಗುತ್ತದೆ. ಥೇಟ್ ಉಳುಮೆ ಮಾಡುವಾಗ ಎತ್ತು ಬದುವಿನಲ್ಲಿ ತಿರುಗುವ ಹಾಗೆ. ಅವರ ಚೈನು 66 ಅಡಿ, 80 ಚೈನಿಗೆ ಒಂದು ಮೈಲಿ. ನಾವು ಎಳೆದದ್ದು 33 ಅಡಿಯದ್ದು, 16 ಆಣೆ, ಒಂದು ಚದರ ಚೈನಿಗೆ ಒಂದು ಗುಂಟೆ. ಸರಿಯಾಗಿ ಅವರದ್ದರ ಅರ್ಧ. ನಮ್ಮ ಹಳ್ಳ ಕೊರಕಲು ದಿಣ್ಣೆಗಳಲ್ಲಿ ಹಾಗೆ ಚೌಕ ಹೊಡೆಯಲು ಹೋಗಿದ್ದರೆ ಜನ ಕಲ್ಲು ಕಿತ್ತು ನಮ್ಮ ಮೇಲೇ ಎಸೆಯುತ್ತಿದ್ದರು.

ಈ ಸೆಕ್ಷನ್ ನಂಬರ್ ಹಿಡಿದು ಅಮೆರಿಕದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನವರ ಜಿಎಲ್‌ಒ ರೆಕಾರ್ಡ್ಸ್ ಸೈಟಿಗೆ ಹೋದೆ. 1788ರಿಂದ ಈಚೆಗೆ ಅಮೆರಿಕ ಸರ್ಕಾರ ಕೊಟ್ಟ 50 ಲಕ್ಷಕ್ಕೂ ಜಾಸ್ತಿ ಹಕ್ಕುಪತ್ರಗಳು ಅಲ್ಲಿವೆ. ಹೆಸರೇ ಹಾಕದೆ ಟೌನ್‌ಶಿಪ್, ರೇಂಜ್, ಸೆಕ್ಷನ್ ಮಾತ್ರ ಹಾಕಿ ಹುಡುಕಬಹುದು. ಕಾಸಿಲ್ಲ, ಲಾಗಿನ್ ಇಲ್ಲ, ಓಟಿಪಿ ಇಲ್ಲ. ಓಲೆಯ ಹಕ್ಕುಪತ್ರದ ನಕಲು ಪರದೆ ಮೇಲೆ ಬಂತು. 1879, ಅಧ್ಯಕ್ಷ ಹೇಯ್ಸ್ ಹೆಸರಿನಲ್ಲಿ. ಸಹಿ ಅಧ್ಯಕ್ಷರದ್ದಲ್ಲ, ಅವರ ಪರವಾಗಿ ಕಾರ್ಯದರ್ಶಿ ಹಾಕಿದ್ದು. ಬೀಗರು "ಪ್ರೆಸಿಡೆಂಟ್ ಸೈನ್ ಮಾಡಿದ್ದಾರೆ" ಅಂತ ಫ್ರೇಮ್ ಹಾಕಿಸಲು ಹೊರಟಿದ್ದರು. ನಾನು ಸುಮ್ನೆ ಇರಲಾರದೆ ನಿಜ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

ಆ ಜಮೀನು ಓಲೆಗೆ ಸಿಕ್ಕಿದ್ದು ಹೋಮ್‌ಸ್ಟೆಡ್ ಕಾಯಿದೆಯಡಿ. ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಕಾನೂನು ಅದು. 21 ವರ್ಷ ತುಂಬಿದವರು, ಅಥವಾ ಮನೆ ಯಜಮಾನರು, ಪ್ರಜೆಯಾಗಿರಬೇಕು ಇಲ್ಲವೇ ಆಗುತ್ತೇನೆ ಅಂತ ಬರೆದುಕೊಟ್ಟಿರಬೇಕು. ಅರ್ಜಿ ಹಾಕಿ, ಜಮೀನಿನಲ್ಲೇ ಮನೆ ಕಟ್ಟಿ, ಐದು ವರ್ಷ ಸಾಗುವಳಿ ಮಾಡಿ, ಆಮೇಲೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ರುಜುವಾತು ಮಾಡಿದರೆ ಜಮೀನು ಅವರದ್ದು. ಶುಲ್ಕ ಎಲ್ಲಾ ಸೇರಿ 18 ಡಾಲರ್. ಓದುತ್ತಾ ಓದುತ್ತಾ ನನಗೆ ನಗು ಬಂತು. ಇದು ನಮ್ಮ ಬಗರ್‌ಹುಕುಂ ಅಲ್ವೇನ್ರೀ! ಫಾರಂ 50, 53, 57 ಹಿಡಿದು ತಾಲ್ಲೂಕು ಕಚೇರಿ ಮುಂದೆ ನಿಂತವರನ್ನು ಎಷ್ಟು ನೋಡಿಲ್ಲ ನಾನು. ವ್ಯತ್ಯಾಸ ಇಷ್ಟೇ, ಇಲ್ಲಿ ಮೊದಲು ಉತ್ತು ಆಮೇಲೆ ಅರ್ಜಿ, ಅಲ್ಲಿ ಮೊದಲು ಅರ್ಜಿ ಆಮೇಲೆ ಉಳುಮೆ.

ಒಂದು ಗಂಟು ಬಿಡಿಸಲು ಎರಡು ದಿನ ಬೇಕಾಯಿತು. ಎಲ್ಲರೂ 160 ಎಕರೆ ಅನ್ನುತ್ತಾರೆ, ಓಲೆಗೆ ಯಾಕೆ 80? ಕಾರಣ ರೈಲು. ರೈಲು ಹಾಕಲು ಕಂಪನಿಗಳಿಗೆ ಹಳಿಯ ಎರಡೂ ಕಡೆ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ಸರ್ಕಾರ ಕೊಟ್ಟಿತ್ತು. ಆ ಪಟ್ಟಿಯೊಳಗೆ ಉಳಿದ ಸಮಸಂಖ್ಯೆಯ ಸೆಕ್ಷನ್‌ಗಳ ಬೆಲೆ ದುಪ್ಪಟ್ಟು ಅಂತ ಲೆಕ್ಕ ಹಾಕಿ, 1879ರವರೆಗೆ ಅಲ್ಲಿ ಹೋಮ್‌ಸ್ಟೆಡ್‌ಗೆ 80 ಎಕರೆ ಮಾತ್ರ ಕೊಡುತ್ತಿದ್ದರು. ಸೆಕ್ಷನ್ 22 ಸಮಸಂಖ್ಯೆ ತಾನೇ. ಸರಿಹೋಯಿತು. 80 ಎಕರೆ ಅಂದರೂ 3,200 ಗುಂಟೆ. ನಮ್ಮಪ್ಪನ ಹೆಸರಿನಲ್ಲಿ ಇದ್ದದ್ದು 2 ಎಕರೆ 14 ಗುಂಟೆ.

ಅಸಲಿ ಸರಕು ಇರುವುದು ಹಕ್ಕುಪತ್ರದಲ್ಲಲ್ಲ, ಅದರ ಹಿಂದಿನ ಕಡತದಲ್ಲಿ. ಅದು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಹಕ್ಕುಪತ್ರದಲ್ಲಿರುವ ನಂಬರ್, ಲ್ಯಾಂಡ್ ಆಫೀಸ್ ಹೆಸರು, ಜಮೀನಿನ ವಿವರ ಬರೆದು ದುಡ್ಡು ಕಟ್ಟಿದರೆ ನಕಲು ಕೊಡುತ್ತಾರೆ. ಮಗಳು ತರಿಸಿ ಸ್ಕ್ಯಾನ್ ಮಾಡಿ ಕಳಿಸಿದಳು. ಅದನ್ನು ಪ್ರಿಂಟ್ ಹಾಕಿಸಿ, ಕನ್ನಡಕ ಒರೆಸಿಕೊಂಡು ಊಟದ ಮೇಜಿನ ಮೇಲೆ ಹರಡಿದೆ. ಮರದ ದಿಮ್ಮಿಯ ಮನೆ, 16 ಅಡಿಗೆ 20 ಅಡಿ. ಒಂದು ಬಾಗಿಲು, ಎರಡು ಕಿಟಕಿ. ಒಂದು ಕೊಟ್ಟಿಗೆ, ಒಂದು ಬಾವಿ. ಉತ್ತ ನೆಲ 28 ಎಕರೆ. "ನಾಲ್ಕು ಬೆಳೆ ತೆಗೆದಿದ್ದಾನೆ, ಒಂದು ವರ್ಷ ಮಿಡತೆ ತಿಂದವು" ಅಂತ ಸಾಕ್ಷಿ ಹೇಳಿಕೆ. ಮಿನೆಸೋಟಾದಲ್ಲಿ 1873ರಿಂದ 1877ರವರೆಗೆ ಮಿಡತೆ ಮೋಡದ ಹಾಗೆ ಬಂದು ಹಸಿರೆಲ್ಲಾ ನುಂಗಿದ್ದವು. ಬೆಳೆ ಹೋದವರು ಕೂಲಿಗೆ ಅಂತ ಬೇರೆ ಕಡೆ ಹೋದರೂ ಹಕ್ಕು ತಪ್ಪದಂತೆ ಅಲ್ಲಿಯ ಸಂಸತ್ತು ರಿಯಾಯಿತಿ ಕೊಟ್ಟಿತ್ತು.

ಅದೇ ಕಡತದಲ್ಲಿ ಪೌರತ್ವದ ಮೊದಲ ಕಾಗದವೂ ಇತ್ತು, 1873ರದ್ದು. ಅದರಲ್ಲಿ "ಸ್ವೀಡನ್ ಮತ್ತು ನಾರ್ವೆಯ ದೊರೆಗೆ ಇದ್ದ ನಿಷ್ಠೆ ಬಿಟ್ಟಿದ್ದೇನೆ" ಅಂತ ಬರೆದಿದೆ. ಬೀಗಿತ್ತಿ ಗಾಬರಿಯಾದರು. ಹಾಗಾದರೆ ಇವರು ನಾರ್ವೆಯವರಲ್ವಾ, ಸ್ವೀಡನ್ನಿನವರಾ? ಇಲ್ಲ. 1814ರಿಂದ 1905ರವರೆಗೆ ಎರಡೂ ದೇಶಕ್ಕೆ ಒಬ್ಬನೇ ರಾಜ, ಆಗ ಎರಡನೇ ಆಸ್ಕರ್. ಅಷ್ಟೇ ವಿಷಯ.

ಕಡತದಲ್ಲಿದ್ದ ಇಬ್ಬರು ಸಾಕ್ಷಿಗಳೇ ನನ್ನ ಚಕ್ಕುಬಂದಿ. ಈಗ ಫ್ಯಾಮಿಲಿಸರ್ಚ್‌ಗೆ ವಾಪಸ್ ಬಂದೆ. ಈ ಸೈಟು ನನಗೆ ಇಷ್ಟವಾಗಿದ್ದು ಇಲ್ಲಿ. ಹುಡುಕು ಅಂತ ಒತ್ತುವ ಪೆಟ್ಟಿಗೆಯನ್ನು ಮರೆತುಬಿಡಿ. ಕ್ಯಾಟಲಾಗ್‌ಗೆ ಹೋಗಿ, ಕೌಂಟಿ ಹೆಸರು ಹಾಕಿ, ಜನಗಣತಿ ಪುಸ್ತಕವನ್ನೇ ತೆಗೆದು ಪುಟ ಪುಟ ತಿರುವಿ ಹಾಕಬಹುದು. ರೆಕಾರ್ಡ್ ರೂಮಿನಲ್ಲಿ ಕೂತು ಕೈಬರಹದ ಪಹಣಿ ಪುಸ್ತಕ ತಿರುವಿದ ಹಾಗೇ, ದೂಳಿಲ್ಲ ಅನ್ನೋದು ಬಿಟ್ಟರೆ. 1880ರ ಜನಗಣತಿಯವನು ಮನೆಯಿಂದ ಮನೆಗೆ ನಡೆದು ಬರೆದಿದ್ದಾನೆ. ಓಲೆಯ ಮನೆ ಸಿಕ್ಕಿತು. ಅದರ ಮೇಲಿನ ಮನೆ ಒಬ್ಬ ಸಾಕ್ಷಿಯದ್ದು, ಎರಡು ಮನೆ ಕೆಳಗೆ ಇನ್ನೊಬ್ಬನದ್ದು. ಇವನೇ ನಮ್ಮ ಓಲೆ, ಬೇರೆ ಯಾರೂ ಅಲ್ಲ. ಮೊಹರು ಹೊಡೆದ ಹಾಗೆ ಆಯಿತು.

ಅಲ್ಲಿ ಜನಗಣತಿ 72 ವರ್ಷ ಕಳೆದ ಮೇಲೆ ಎಲ್ಲರಿಗೂ ಬಿಡುತ್ತಾರೆ. 1950ರದ್ದು 2022ರ ಏಪ್ರಿಲ್‌ನಲ್ಲಿ ಬಂತು. 1890ರದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹೋಯಿತು. ನಮ್ಮಲ್ಲಿ ಗೆದ್ದಲು, ಅವರಲ್ಲಿ ಬೆಂಕಿ. ಪುಣ್ಯಕ್ಕೆ ಮಿನೆಸೋಟಾ ರಾಜ್ಯವೇ 1875, 1885, 1895, 1905ರಲ್ಲಿ ಬೇರೆ ಗಣತಿ ಮಾಡಿದೆ. 1900ರದ್ದಂತೂ ಬಂಗಾರ. ಹುಟ್ಟಿದ ತಿಂಗಳು, ಅಮೆರಿಕಕ್ಕೆ ಬಂದ ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವುದು ಎಷ್ಟು. ಜಮೀನು ಸ್ವಂತವೋ ಗುತ್ತಿಗೆಯೋ, ಸ್ವಂತ ಆದರೆ ಅಡಮಾನ ಇದೆಯೋ ಇಲ್ಲವೋ. ಓಲೆಯ ಸಾಲಿನಲ್ಲಿ ಅಡಮಾನದ 'ಎಂ' ಅಕ್ಷರ ಇತ್ತು. ಅದನ್ನು ನೋಡಿ ಬೀಗರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂರು ತಲೆಮಾರು ಸಾಲದಲ್ಲೇ ನಡೆದಿದೆಯಲ್ಲ ಅಂದರು.

ಈಗ ದುಡ್ಡಿನ ಸೈಟಿನ ಕಥೆ. ಮಧ್ಯದಲ್ಲಿ ಅವಸರಕ್ಕೆ ಬಿದ್ದು ಮಗಳ ಕಾರ್ಡಿನಲ್ಲಿ ಅದರ ಉಚಿತ ಅವಧಿಗೆ ಸೇರಿಕೊಂಡೆ. ನಿಲ್ಲಿಸುವ ದಿನ ಮರೆತೆ, ಹಣ ಕತ್ತರಿಸಿಕೊಂಡರು. ತಪ್ಪು ನನ್ನದೇ ಅನ್ನಿ, ಆದರೆ ಸೇರಲು ಒಂದು ಗುಂಡಿ ಸಾಕಾಗಿತ್ತು, ಬಿಡಲು ಐದು ಪುಟ ದಾಟಬೇಕಾಯಿತು. ಅದಕ್ಕಿಂತ ಸಿಟ್ಟು ಬಂದಿದ್ದು ಬೇರೆಯದಕ್ಕೆ. ಯಾರೋ ಪುಣ್ಯಾತ್ಮರು ನಮ್ಮ ಓಲೆಗೆ ಒಬ್ಬ ತಾಯಿಯನ್ನು ಅಂಟಿಸಿದ್ದರು. ಲೆಕ್ಕ ಹಾಕಿದರೆ ಮಗ ಹುಟ್ಟಿದಾಗ ಆಕೆಗೆ ಒಂಬತ್ತು ವರ್ಷ! ಆ ತಪ್ಪನ್ನು ಹದಿನಾಲ್ಕು ಜನ ನಕಲು ಮಾಡಿಕೊಂಡಿದ್ದರು. ಹದಿನಾಲ್ಕು ಕಡೆ ಇದೆ ಅಂದಮೇಲೆ ನಿಜ ಇರಬೇಕು ಅಂತ ಅಳಿಯನ ವಾದ. ತಪ್ಪು ಪೋಡಿ ಒಂದು ಸಲ ದಾಖಲಾದರೆ ಅದೇ ಮುಂದಿನ ಎಲ್ಲಾ ಪಹಣಿಗೂ ಇಳಿಯುತ್ತದಪ್ಪಾ ಅಂತ ಹೇಳಿದೆ. ಫ್ಯಾಮಿಲಿಸರ್ಚ್‌ನ ವೃಕ್ಷ ಇನ್ನೊಂದು ಥರ. ಪ್ರಪಂಚಕ್ಕೆಲ್ಲಾ ಒಂದೇ ಮರ, ಸತ್ತವರ ವಿವರವನ್ನು ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರದ್ದು ಮಾತ್ರ ಬರೆದವರಿಗಷ್ಟೇ ಕಾಣುತ್ತದೆ. ಅದಕ್ಕೇ ಹೇಳಿದ್ದು, ಮರ ನೋಡಬೇಡಿ, ಬೇರಿನಲ್ಲಿರುವ ದಾಖಲೆ ನೋಡಿ.

ಈ ಸೈಟು ಯಾಕೆ ಪುಕ್ಕಟೆ ಅಂತ ನನಗೆ ಮೊದಲು ಅನುಮಾನ ಬಂದಿತ್ತು. ನಡೆಸುವವರು ಅಮೆರಿಕದ ಮಾರ್ಮನ್ ಪಂಥದವರು. 1894ರಲ್ಲಿ ಯೂಟಾದಲ್ಲಿ ಸಂಘ ಕಟ್ಟಿ, 1938ರಿಂದ ಮೈಕ್ರೋಫಿಲ್ಮ್ ಮಾಡಿಕೊಂಡು ಬಂದು, 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸವನ್ನು 2021ರಲ್ಲಿ ಮುಗಿಸಿದರು. ಸತ್ತ ಹಿರಿಯರ ಪರವಾಗಿ ಬದುಕಿರುವವರು ದೀಕ್ಷೆ ತಗೊಳ್ಳಬಹುದು ಅನ್ನೋದು ಅವರ ನಂಬಿಕೆ. ಅದಕ್ಕೆ ಹಿರಿಯರ ಹೆಸರು ಬೇಕು. ಪಿತೃಪಕ್ಷದಲ್ಲಿ ಎಡೆ ಇಡುವ ನಮಗೆ ಇದೇನು ವಿಚಿತ್ರ ಅನಿಸಲಿಲ್ಲ. ಹರಿದ್ವಾರದ ಪಂಡಾಗಳ ವಂಶಾವಳಿ ವಹಿಗಳನ್ನೂ ಇವರೇ ಫಿಲ್ಮ್ ಮಾಡಿಕೊಂಡಿದ್ದಾರೆ. ಚಿಕ್ಕವನಿದ್ದಾಗ ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿ, ನಮ್ಮ ಮುತ್ತಾತಂದಿರ ಹೆಸರೆಲ್ಲಾ ರಾಗವಾಗಿ ಹೇಳಿ ಭತ್ತ ತಗೊಂಡು ಹೋಗುತ್ತಿದ್ದ. ಫ್ಯಾಮಿಲಿಸರ್ಚ್ ಅಂದರೆ ಭತ್ತ ಕೇಳದ ಹೆಳವ ಅನ್ನಿ.

ಎಲ್ಲವೂ ಮನೆಯಲ್ಲೇ ಕೂತು ಕಾಣುವುದಿಲ್ಲ. ಕೆಲವು ಪುಸ್ತಕಗಳ ಮೇಲೆ ಬೀಗದ ಗುರುತು ಇರುತ್ತದೆ. ದಾಖಲೆ ಕೊಟ್ಟವರ ಜೊತೆ ಆದ ಒಪ್ಪಂದ ಹಾಗೆ. ಅಂಥವನ್ನು ಅವರ ಕೇಂದ್ರಗಳಿಗೆ ಹೋಗಿ ನೋಡಬೇಕು. ಮಗಳು ಒಂದು ಶನಿವಾರ ಮಗುವನ್ನು ಎತ್ತಿಕೊಂಡು ಹೋಗಿ ನನಗೆ ಬೇಕಾದ ನಾಲ್ಕು ಪುಟ ತೆಗೆದುಕೊಂಡು ಬಂದಳು.

ಓಲೆಯ ಊರು ಸಿಕ್ಕಿದ್ದು ಪಕ್ಕದ ಮನೆಯವನಿಂದ. ಆ ಸಾಕ್ಷಿಯೊಬ್ಬ ತೀರಿಕೊಂಡಾಗ ಅಲ್ಲಿಯ ಪತ್ರಿಕೆಯಲ್ಲಿ ಬಂದ ಸುದ್ದಿಯಲ್ಲಿ, ನಾರ್ವೆಯ ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಒಂದು ಚರ್ಚಿನ ಹೋಬಳಿಯಿಂದ 1870ರಲ್ಲಿ ಗೆಳೆಯರ ಜೊತೆ ಬಂದವ ಅಂತ ಇತ್ತು. ಗೆಳೆಯರ ಜೊತೆ! ತಕ್ಷಣ ನಾರ್ವೆಯ ಸೈಟಿಗೆ ಹೋದೆ. ಚರ್ಚಿನ ಪುಸ್ತಕಗಳು, ಗಣತಿಗಳು, ಬಂದರಿನ ಪೊಲೀಸರು ಬರೆದಿಟ್ಟ ವಲಸಿಗರ ಪಟ್ಟಿ, ಎಲ್ಲಾ ಪುಕ್ಕಟೆ. ಈಗಿನ ಆಸ್ಲೋಗೆ ಆಗ ಕ್ರಿಸ್ಟಿಯಾನಿಯಾ ಅಂತ ಹೆಸರು. ಅಲ್ಲಿಯ ಪೊಲೀಸ್ ಪಟ್ಟಿ 1867ರಿಂದ ಇದೆ. 1870ರ ಪುಟದಲ್ಲಿ ಪಕ್ಕದ ಮನೆಯವನೂ ಓಲೆಯೂ ಮೇಲೊಬ್ಬ ಕೆಳಗೊಬ್ಬ. ಹೋಗುವ ಊರು ಕೆನಡಾದ ಬಂದರು ಕ್ವಿಬೆಕ್.

ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಗುಮಾಸ್ತ ನಮ್ಮ ಹೆಸರು ಬದಲಾಯಿಸಿದ ಅಂತ ಬೀಗರ ಮನೆಯಲ್ಲಿ ಒಂದು ಕಥೆ ಇತ್ತು. ಆ ದ್ವೀಪದ ಕೇಂದ್ರ ಶುರುವಾಗಿದ್ದೇ 1892ರಲ್ಲಿ. ಅಲ್ಲೂ ಗುಮಾಸ್ತರು ಹಡಗಿನವರು ಬರೆದು ತಂದ ಪಟ್ಟಿಯಲ್ಲಿ ಹೆಸರು ನೋಡುತ್ತಿದ್ದರೇ ಹೊರತು ಹೊಸ ಹೆಸರು ಇಡುತ್ತಿರಲಿಲ್ಲ.

ಹಾಗಾದರೆ ಹೆಸರು ಯಾಕೆ ಬದಲಾಯಿತು? ಇದು ಬೀಗರಿಗಿಂತ ನಮಗೆ ಬೇಗ ಅರ್ಥವಾಗುತ್ತದೆ. ನಾರ್ವೆಯ ಹಳ್ಳಿಗರಿಗೆ ಆಗ ಮನೆತನದ ಹೆಸರು ಅಂತ ಗಟ್ಟಿಯಾಗಿ ಇರಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಇರುವ ಹೊಲಮನೆಯ ಹೆಸರು. ಓಲೆ ಲಾರ್ಸೆನ್ ಬಾಕನ್ ಅಂದರೆ ಲಾರ್ಸ್ ಮಗ ಓಲೆ, ಬಾಕನ್‌ನಲ್ಲಿ ಇರುವವ. ಮಗಳಾದರೆ ಲಾರ್ಸ್‌ಡಾಟರ್. ಮನೆ ಬದಲಾಯಿಸಿದರೆ ಕೊನೆಯ ಹೆಸರೂ ಬದಲು. ನನ್ನ ಇನಿಷಿಯಲ್ ಕೂಡ ಹಾಗೇ ತಾನೇ, ಮೊದಲನೆಯದು ಊರು, ಎರಡನೆಯದು ಅಪ್ಪ. ಮಗಳು ಅಮೆರಿಕಕ್ಕೆ ಹೋದಾಗ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿತು. ಅಲ್ಲಿ ಬ್ಯಾಂಕಿನವರು ಅವಳನ್ನು ನನ್ನ ಹೆಸರಿನಿಂದ ಕರೆಯುತ್ತಾರೆ. 1870ರಲ್ಲಿ ಓಲೆಗೆ ಆಗಿದ್ದೂ ಅದೇ. ಓಲೆ ಲಾರ್ಸನ್ ಅಂತ ಉಳಿದ. ಅವನ ತಮ್ಮ ಬಂದವನು ಬಾಕನ್ ಇಟ್ಟುಕೊಂಡ. ಒಂದೇ ತಾಯಿಯ ಮಕ್ಕಳು, ಮಿನೆಸೋಟಾದಲ್ಲಿ ಎರಡು ಮನೆತನ.

ಬಾಕನ್ ಅಂದರೆ ಇಳಿಜಾರಿನ ದಿಣ್ಣೆ. ದಿಣ್ಣೆ ಮನೆಯವರು! ಇವಳಿಗೆ ಹೇಳಿದೆ. "ಅದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ, ನಮ್ಮ ದೊಡ್ಡಮ್ಮನ ಮನೆಯವರೂ ದಿಣ್ಣೆ ಮನೆಯವರೇ" ಅಂದಳು. ಅಲ್ಲಿಗೆ ಸಂಬಂಧ ಕುದುರಿತು.

1865ರ ನಾರ್ವೆ ಗಣತಿಯ ಆ ಪುಟದ ಮುಂದೆ ನಾನು ಜಾಸ್ತಿ ಹೊತ್ತು ಕೂತಿದ್ದೇನೆ. ಡಿಸೆಂಬರ್ 31ರ ಲೆಕ್ಕ. ಹಳೇ ಶಾನುಭೋಗರ ಮೋಡಿ ಅಕ್ಷರ ಓದಿದವನಿಗೆ ಅವರ ಗೋಥಿಕ್ ಬರಹ ಅಂಥ ಕಷ್ಟವಾಗಲಿಲ್ಲ, ನಾಲ್ಕು ದಿನ ಬೇಕಾಯಿತು. ಓಲೆಯ ವಯಸ್ಸು 20 ಅಂತಿದೆ. ಹುಟ್ಟಿದ್ದು 1846, ಹಾಗಿದ್ದರೆ 19 ಅಲ್ವಾ? ಮೇಲಿನ ತಲೆಬರಹ ಓದಿಸಿದೆ. ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಬರೆಯಬೇಕು ಅಂತಿದೆ. ಅಂದರೆ ನಮ್ಮಮ್ಮ ಹೇಳುತ್ತಿದ್ದ ಹಾಗೆ, ಹತ್ತೊಂಬತ್ತು ತುಂಬಿ ಇಪ್ಪತ್ತು ನಡೀತಿದೆ. ಅಪ್ಪ ಲಾರ್ಸ್‌ನ ಮುಂದೆ ಹೂಸ್‌ಮಾನ್ ಅಂತ ಬರೆದಿದೆ. ಸ್ವಂತ ಜಮೀನಿಲ್ಲದ ಒಕ್ಕಲು. ದೊಡ್ಡ ಹೊಲದ ಯಜಮಾನನಿಗೆ ಕೆಲಸ ಮಾಡಿಕೊಟ್ಟು ಅವನ ದಿಣ್ಣೆಯಲ್ಲಿ ಒಂದು ಗುಡಿಸಲು, ಒಂದು ತುಂಡು ನೆಲ. ಭೂಸುಧಾರಣೆ ಬಂದಾಗ ಫಾರಂ 7 ಹಾಕಿದ ಗೇಣಿದಾರರ ಮುಖಗಳೆಲ್ಲಾ ನೆನಪಿಗೆ ಬಂದವು. ಅದೇ ಸಾಲಿನಲ್ಲಿ ಮುಂದೆ ಜಾನುವಾರು: ಹಸು ಒಂದು, ಕುರಿ ನಾಲ್ಕು. ಅದರ ಮುಂದೆ ಬಿತ್ತನೆ: ಬಾರ್ಲಿ ಇಷ್ಟು, ಆಲೂಗಡ್ಡೆ ಇಷ್ಟು, ಪೀಪಾಯಿ ಲೆಕ್ಕದಲ್ಲಿ. ಆಲೂಗಡ್ಡೆ ಬೀಜ ಎಷ್ಟು ಹಾಕಿದರು ಅಂತ ಸರ್ಕಾರ ಬರೆದಿಟ್ಟಿದೆ! ಹಾಸನದವನಿಗೆ ಇದಕ್ಕಿಂತ ಇನ್ನೇನು ಬೇಕು?

ಆಲೂಗಡ್ಡೆ ಅಂದಾಗ ನೆನಪಾಯಿತು. ನಾಮಕರಣಕ್ಕೆ ಬಂದಿದ್ದ ಬೀಗಿತ್ತಿ ನಮ್ಮ ಅಡುಗೆಮನೆಯಲ್ಲಿ ಲೆಫ್ಸ ಅಂತ ಮಾಡಿದ್ದರು. ಬೇಯಿಸಿದ ಆಲೂಗಡ್ಡೆ ಹಿಸುಕಿ, ಮೈದಾ ಸೇರಿಸಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಬೇಯಿಸಿ, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದರು. ತಿರುವಿ ಹಾಕಲು ಅಲ್ಲಿಂದಲೇ ಒಂದು ಉದ್ದನೆಯ ಮರದ ಪಟ್ಟಿ ತಂದಿದ್ದರು. ಇವಳು ಮೊದಲ ಎರಡು ಅವರಿಗೆ ಬಿಟ್ಟು, ಆಮೇಲೆ ಮರದ ಪಟ್ಟಿ ಪಕ್ಕಕ್ಕಿಟ್ಟು ಕೈಯಲ್ಲೇ ತಿರುವಿದಳು, ಅಕ್ಕಿರೊಟ್ಟಿಯ ಹಾಗೆ. ಬೀಗಿತ್ತಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಒಂದು ವಿಷಯ ಬೀಗರಿಗೆ ಹೇಳಲೋ ಬೇಡವೋ ಅಂತ ಯೋಚಿಸಿ ಹೇಳಿದೆ. ಸರ್ಕಾರ ಓಲೆಗೆ ಕೊಟ್ಟ ಜಮೀನು ಖಾಲಿ ಇರಲಿಲ್ಲ. ಆ ಸೀಮೆ ಡಕೋಟಾ, ಒಜಿಬ್ವೆ ಅನ್ನುವ ಮೂಲನಿವಾಸಿ ಜನರದ್ದು. 1850ರ ದಶಕದ ಒಪ್ಪಂದಗಳಲ್ಲಿ ಅದು ಕೈಬಿಟ್ಟುಹೋಯಿತು. ಸರ್ಕಾರಕ್ಕೂ ಡಕೋಟಾ ಜನರಿಗೂ 1862ರಲ್ಲಿ ಆದ ಯುದ್ಧದ ನಂತರ ಅವರನ್ನು ರಾಜ್ಯದಿಂದಲೇ ಓಡಿಸಿದರು. ಹೋಮ್‌ಸ್ಟೆಡ್ ಕಾಯಿದೆಗೂ ಅದೇ ವರ್ಷ. ಹಕ್ಕುಪತ್ರದಲ್ಲಿ ಚಕ್ಕುಬಂದಿ ಇದೆ, ಹಿಂದಿನ ಖಾತೆದಾರರ ಹೆಸರು ಮಾತ್ರ ಇಲ್ಲ. ಬೀಗರು ತಲೆ ಅಲ್ಲಾಡಿಸಿ "ಗೊತ್ತು, ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ, ಆಮೇಲೆ ಗೊತ್ತಾಯಿತು" ಅಂದರು. ಮುಂದೆ ಅವರು ಹಾಸನಕ್ಕೆ ಬಂದಾಗ ಶೆಟ್ಟಿಹಳ್ಳಿ ಕಡೆ ಕರೆದುಕೊಂಡು ಹೋದೆ. ಹೇಮಾವತಿ ಹಿನ್ನೀರಿನಲ್ಲಿ ಹಳೇ ಚರ್ಚು ಸೊಂಟದವರೆಗೆ ಮುಳುಗಿ ನಿಂತಿತ್ತು. ಅವರು ಚರ್ಚಿನ ಫೋಟೋ ತೆಗೆಯುತ್ತಿದ್ದರು. ನಾನು ನೀರಿನ ಆಚೆ ದಡ ತೋರಿಸಿ, ನಮ್ಮಪ್ಪನ 2 ಎಕರೆ 14 ಗುಂಟೆ ಈ ನೀರಿನ ಅಡಿಯಲ್ಲೇ ಇರೋದು ಅಂದೆ. ಗೊರೂರು ಅಣೆಕಟ್ಟೆಯ ಮುಳುಗಡೆ. ನಮ್ಮ ಹೆಸರಾದರೂ ಪರಿಹಾರದ ಪಟ್ಟಿಯಲ್ಲಿದೆ.

ನಿಮ್ಮ ಮನೆಯಲ್ಲೂ ಅಮೆರಿಕದ ಸೊಸೆಯೋ ಅಳಿಯನೋ ಬಂದಿದ್ದರೆ, ಈ ಕೆಲಸ ಮಾಡಿ ನೋಡಿ. ಉಗುಳು ಕಳಿಸಿ ಡಿಎನ್‌ಎ ಮಾಡಿಸುವ ಗೋಜು ಬೇಡ, ಯಾವ ಖಂಡ ಅಂತ ನಮಗೆ ಗೊತ್ತೇ ಇದೆಯಲ್ಲ. ಜಮೀನಿನ ಹಳೇ ಕಾಗದ ಕೇಳಿ. ನೆರೆಹೊರೆಯವರ ಹೆಸರು ಬರೆದುಕೊಳ್ಳಿ. ಅಲ್ಲಿಯ ತಾರೀಖು ತಿಂಗಳು ಮೊದಲು, ದಿನ ಆಮೇಲೆ. ನಾರ್ವೆಯಲ್ಲಿ ನಮ್ಮ ಹಾಗೆ. ಇದೊಂದರಲ್ಲಿ ನಾನು ಮೂರು ದಿನ ಕಳೆದುಕೊಂಡಿದ್ದೇನೆ. ದೊಡ್ಡ ಪರದೆ ಇರಲಿ, ಮೊಬೈಲಿನಲ್ಲಿ ಆಗುವ ಕೆಲಸವಲ್ಲ.

ನನ್ನದು ಇನ್ನೂ ಮುಗಿದಿಲ್ಲ. 1880ರ ಗಣತಿಯಲ್ಲಿ ಓಲೆಯ ಹೆಂಡತಿ ಕಾರಿ, ಮೂರು ಮಕ್ಕಳು. 1885ರ ರಾಜ್ಯ ಗಣತಿಯಲ್ಲಿ ಹೆಂಡತಿಯ ಹೆಸರು ಬೇರೆ, ಕಾರಿ ಇಲ್ಲ. ಬೀಗರ ಅಜ್ಜ 1888ರಲ್ಲಿ ಹುಟ್ಟಿದ್ದು ಎರಡನೆಯವಳಿಗೆ. ಕಾರಿಯ ಹೆಸರು ಮನೆಯಲ್ಲಿ ಯಾರೂ ಕೇಳಿಯೇ ಇಲ್ಲ. ಫೈಂಡ್ ಎ ಗ್ರೇವ್ ಅಂತ ಇನ್ನೊಂದು ಪುಕ್ಕಟೆ ಸೈಟಿದೆ, ಕೇಳಿಕೊಂಡರೆ ಆ ಊರಿನ ಸ್ವಯಂಸೇವಕರು ಸ್ಮಶಾನಕ್ಕೆ ಹೋಗಿ ಕಲ್ಲಿನ ಫೋಟೋ ತೆಗೆದು ಹಾಕುತ್ತಾರೆ. ಜನವರಿಯಲ್ಲಿ ಕೇಳಿದೆ. ಚರ್ಚಿನ ಹಿಂದೆ ಹಳೇ ಕಲ್ಲುಗಳ ಸಾಲು ಇದೆಯಂತೆ, ಈಗ ಎಲ್ಲಾ ಹಿಮದಡಿ ಹೂತುಹೋಗಿದೆ, ಏಪ್ರಿಲ್‌ನಲ್ಲಿ ಕರಗಿದ ಮೇಲೆ ಹೋಗುತ್ತೇನೆ ಅಂತ ಒಬ್ಬರು ಉತ್ತರ ಬರೆದಿದ್ದಾರೆ. ಇವಳು ದಿನಾ ಬೆಳಗ್ಗೆ ಕಾಫಿ ಕೊಡುವಾಗ ಕೇಳುತ್ತಾಳೆ, "ಹಿಮ ಕರಗಿತೇನ್ರೀ?"